ಎಡಗಾಲು ಬೇಡದ ಗೇರು

ನನ್ನನ್ನು ಹಟಮಾರಿ ಎಂದು ಕರೆದವರು ಬಂಟ್ವಾಳ ಪೇಟೆಯಲ್ಲಿ ಈಗಲೂ ಸಿಗುತ್ತಾರೆ. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ತುಕ್ಕು ಹಿಡಿದ ಬೋಲ್ಟು ವಿನಯಕ್ಕೆ ಸಡಿಲವಾದದ್ದನ್ನು ನಾನಂತೂ ಕಂಡಿಲ್ಲ. ಗಾಡಿ ರಿಪೇರಿಗೆ ಹೊಸದಾಗಿ ಸೇರಿದ ಹುಡುಗರು ಕೆಲವರು ಸಂಜೆ ಹೊತ್ತು ನಮ್ಮ ಜಗಲಿಗೆ ಬಂದು ಕೂರುತ್ತಾರೆ, ಹಳೆಯ ಕಾಲದ್ದು ಹೇಳಿ ಎನ್ನುತ್ತಾರೆ, ಹೇಳಲು ಹೊರಟರೆ ಫೋನು ನೋಡುತ್ತಾರೆ. ಅದಕ್ಕೇ ಬರೆದಿಡುವುದು ಮೇಲು ಎನಿಸಿತು. ನಾನು ಯಾವಾಗ ಹೆಡ್ ಮೆಕ್ಯಾನಿಕ್ ಆದೆ, ಕೆಲಸ ಬಿಟ್ಟ ದಿನ ಯಾರು ಶಾಲು ಹೊದೆಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಶಾಲು ಕಪಾಟಿನಲ್ಲಿದೆ, ಬೇಕಾದವರು ಅದನ್ನೇ ಕೇಳಿಕೊಳ್ಳಲಿ.

ನನ್ನ ಊರು ಸಿದ್ಧಕಟ್ಟೆ. ಐವತ್ತರ ದಶಕದ ಮೊದಲಲ್ಲಿ, ಮೀಸೆ ಸರಿಯಾಗಿ ಮೂಡುವ ಮುಂಚೆ, ಮುಂಬಯಿಗೆ ಹೋಗಿ ಫಾರಿನ್ ಕಾರುಗಳ ಗ್ಯಾರೇಜೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಕ್ಲಚ್ ಪೆಡಲೇ ಇಲ್ಲದ ಕಾರನ್ನು ಮೊದಲು ಕಂಡದ್ದು ಅಲ್ಲಿ. ಅಂಥ ಆಟೋಮೆಟಿಕ್ ಗೇರುಪೆಟ್ಟಿಗೆ ಬಿಚ್ಚುವವರ ಜೊತೆ ಕೂತು, ತೊಳೆದು, ಜೋಡಿಸಿ, ಬೈಸಿಕೊಂಡು ಕಲಿತೆ. ತಂದೆ ಹಾಸಿಗೆ ಹಿಡಿದಾಗ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಬಂಟ್ವಾಳದಲ್ಲಿ ಸಿರಿಲ್ ಪೊರ್ಬುಗಳ ವರ್ಕ್‌ಶಾಪಿಗೆ ಸೇರಿದೆ.

ಸಿರಿಲ್ ಪೊರ್ಬುಗಳು ಯುದ್ಧದ ಕಾಲದಲ್ಲಿ ಇದ್ದಲು ಗ್ಯಾಸಿನ ಬಸ್ಸು ಓಡಿಸಿ ಪಳಗಿದವರು. ಗ್ಯಾಸ್ಕೆಟ್ ಇಲ್ಲವೆಂದರೆ ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಹಾಕುವರು, ಆಯಿಲ್ ಸೀಲ್ ಇಲ್ಲವೆಂದರೆ ಚರ್ಮದಲ್ಲಿ ಮಾಡಿಸುವರು. ಗಾಡಿಯ ಅಡಿಗೆ ಹೋಗದೆಯೇ, ರಸ್ತೆಯಲ್ಲಿ ಬರುವ ಸದ್ದು ಕೇಳಿ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲರು. ಬಾಯಿ ಮಾತ್ರ ಕೆಟ್ಟದ್ದು. ಸಿಟ್ಟು ಬಂದರೆ ಕೊಂಕಣಿ, ತುಳು, ಕನ್ನಡ ಮೂರರಲ್ಲೂ ಬೈಯುವರು, ಯಾವುದರಲ್ಲಿ ಮೊನಚು ಹೆಚ್ಚೋ ಅದನ್ನು ಕೊನೆಗೆ ಇಟ್ಟುಕೊಳ್ಳುವರು. ನಾವೆಲ್ಲ ಅವರನ್ನು ಧನಿ ಎಂದೇ ಕರೆಯುತ್ತಿದ್ದೆವು.

ಅವರ ಹತ್ತಿರ ಮೊದಲು ಕಲಿತ ಪಾಠ ವಿಟ್ಲದ ಒಂದು ಲಾರಿಯದ್ದು. ಗೇರುಪೆಟ್ಟಿಗೆಯಲ್ಲಿ ಒಂದು ಹಲ್ಲುಚಕ್ರ ಮುರಿದಿತ್ತು. ನಾನು ಮುಂಬಯಿಯ ಗತ್ತಿನಲ್ಲಿ ಅದೊಂದನ್ನು ಹೊಸತು ತರಿಸಿ ಹಾಕಿದೆ. ಲಾರಿ ಪುತ್ತೂರಿನ ದಾರಿಯುದ್ದಕ್ಕೂ ಅಳುತ್ತಾ ಹೋಯಿತು, ಅಳುತ್ತಾ ಬಂತು. ಪೊರ್ಬುಗಳು ಆ ಚಕ್ರವನ್ನು ನನ್ನ ಮುಂದೆ ಇಟ್ಟು ಹೇಳಿದರು: "ಒಟ್ಟಿಗೆ ತೇದದ್ದನ್ನು ಬೇರೆ ಮಾಡ್ಬಾರ್ದು, ಐತ. ತೆಗೆಯುದಾದ್ರೆ ಜೋಡಿ ತೆಗಿ, ಇಡುದಾದ್ರೆ ಜೋಡಿ ಇಡು. ಹೊಸತು ಅಂತ ಕೂಡ್ಲೇ ಒಳ್ಳೆದು ಅಂತ ಅಲ್ಲ." ಈಗಿನವರಿಗೆ ಈ ಮಾತಿನ ಅಗತ್ಯವೇ ಇಲ್ಲ. ಒಂದು ಹಲ್ಲು ಮುರಿದರೆ ಇಡೀ ಪೆಟ್ಟಿಗೆಯನ್ನೇ ಬದಲಿಸಿ ಹಳತನ್ನು ಗುಜರಿಗೆ ಎಸೆಯುತ್ತಾರೆ. ಎಸೆಯಲಿ, ಆದರೆ ಅದನ್ನು ರಿಪೇರಿ ಎಂದು ಕರೆಯುವುದು ಬೇಡ.

ಇನ್ನು ಕಾಂತಪ್ಪ ಶೆಟ್ಟರ ವಿಷಯ. ಬೆಳ್ತಂಗಡಿಯ ಹತ್ತಿರ ದೊಡ್ಡ ಮನೆ, ಸಾಕಷ್ಟು ಗದ್ದೆ. ಆದರೆ ಅವರಿಗೆ ಗದ್ದೆಗಿಂತ ಸ್ಟೇರಿಂಗಿನ ಹುಚ್ಚು. ಸ್ವಂತ ಬಸ್ಸಿಟ್ಟು, ಡ್ರೈವರ್ ಇಡದೆ ತಾವೇ ಚಾರ್ಮಾಡಿ ಘಾಟಿಯಲ್ಲಿ ಬಿಡುತ್ತಿದ್ದರು. ಒಮ್ಮೆ ಏರಿನಲ್ಲಿ ನಿಂತ ಬಸ್ಸಿನ ಚಕ್ರಕ್ಕೆ ಕಲ್ಲು ಕೊಡಲು ಇಳಿದಾಗ ಬಸ್ಸು ಹಿಂದಕ್ಕೆ ಜಾರಿತು. ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಬಸ್ಸನ್ನು ಮಾರಿದರು. ಊರುಗೋಲು ಹಿಡಿದು ಗದ್ದೆಯ ಬದಿಯಲ್ಲಿ ನಿಂತರೂ ಕಣ್ಣು ರಸ್ತೆಯಲ್ಲೇ ಇರುತ್ತಿತ್ತಂತೆ.

ಅರವತ್ತರ ದಶಕದಲ್ಲಿ ಘಾಟಿಯ ಮೇಲಿನ ಕಾಫಿ ಎಸ್ಟೇಟಿನ ಬಿಳಿ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ತನ್ನ ಅಮೇರಿಕನ್ ಕಾರನ್ನು ಮಾರಿದ. ಎಂಟು ಸಿಲಿಂಡರಿನ ಎಂಜಿನ್. ಏರಿನಲ್ಲಿ ಅದರ ಓಟ ಕಂಡವರು ಬಾಯಿ ಮುಚ್ಚುವುದನ್ನು ಮರೆಯುತ್ತಿದ್ದರು. ಕ್ಲಚ್ ಪೆಡಲು ಇಲ್ಲ. ಆ ಕೆಲಸವನ್ನು ಒಳಗೆ ಎಣ್ಣೆಯ ಒತ್ತಡವೇ ಮಾಡುತ್ತದೆ, ಗೇರು ತಾನಾಗಿ ಬೀಳುತ್ತದೆ. ಬಲಗಾಲೊಂದಿದ್ದರೆ ಸಾಕು. ಶೆಟ್ಟರು ಅದನ್ನು ಕೊಂಡರು, ಲೈಸೆನ್ಸಿಗಾಗಿ ಆಫೀಸಿನಿಂದ ಆಫೀಸಿಗೆ ಜಗಳಾಡಿದರು, ಕೊನೆಗೆ ಪುನಃ ಸ್ಟೇರಿಂಗಿನ ಹಿಂದೆ ಕೂತರು.

ಕೂತದ್ದು ಹೆಚ್ಚು ಕಾಲವಲ್ಲ. ಅವರ ಅಳಿಯ ವಿಠಲ, ಅಂದರೆ ತಂಗಿಯ ಮಗ, ಒಮ್ಮೆ ಗೇರುಪೆಟ್ಟಿಗೆಯಲ್ಲಿ ಎಣ್ಣೆ ಕಡಿಮೆ ಕಂಡು ಲಾರಿಗೆ ಹಾಕುವ ದಪ್ಪ ಎಣ್ಣೆ ಸುರಿದಿದ್ದ. ದಪ್ಪ ಇದ್ದಷ್ಟು ಘಾಟಿಗೆ ಗಟ್ಟಿ ಎಂಬುದು ನಮ್ಮ ಕಡೆಯವರ ನಂಬಿಕೆ. ಆ ಪೆಟ್ಟಿಗೆಗೆ ಬೇಕಾದದ್ದು ತೆಳು ಎಣ್ಣೆ. ಒಳಗಿನ ಕ್ಲಚ್ ಪ್ಲೇಟುಗಳು ಜಾರಿ ಜಾರಿ ಸುಟ್ಟುಹೋದವು. ಎಂಜಿನ್ ಗರ್ಜಿಸುತ್ತಿತ್ತು, ಕಾರು ನಿಂತಲ್ಲೇ ನಿಲ್ಲುತ್ತಿತ್ತು. ಲಾರಿಗೆ ಕಟ್ಟಿ ಎಳೆದುಕೊಂಡು ಬಂದು ನಮ್ಮ ವರ್ಕ್‌ಶಾಪಿನಲ್ಲಿ ಬಿಟ್ಟರು.

ಪೊರ್ಬುಗಳು ಅಡಿಗೆ ಬಗ್ಗಿ ನೋಡಿ ಎದ್ದು ಬೈರಾಸಿನಲ್ಲಿ ಕೈ ಒರೆಸಿಕೊಂಡರು. ಹೆಗಲ ಮೇಲೆ ಬೈರಾಸು ಇಲ್ಲದ ಗಂಡಸು ಆ ಕಾಲದಲ್ಲಿ ನಮ್ಮಲ್ಲಿ ಇರಲಿಲ್ಲ, ಬೆವರಿಗೂ ಕೈಗೂ ಕೂರುವ ಬೆಂಚಿಗೂ ಅದೊಂದೇ ವಸ್ತ್ರ. "ಇದರ ಸಾಮಾನು ಇಲ್ಲಿ ಸಿಕ್ಕುದಿಲ್ಲ, ಶೆಟ್ರೇ. ಇಂಪೋರ್ಟು ನಿಂತಿದೆ. ಇದನ್ನು ಬಿಸಾಡಿ ಸಾದಾ ಗೇರು, ಕ್ಲಚ್ಚು ಕೂರಿಸುವ. ಗಾಡಿ ಕುದುರೆಯ ಹಾಗೆ ಓಡ್ತದೆ."

"ಅದೇ ಒಳ್ಳೆದು," ಎಂದ ವಿಠಲ. "ನಾನು ಬಿಡ್ತೇನೆ, ಮಾವ ಹಿಂದೆ ಆರಾಮ ಕೂತ್ಕೊಳ್ಳಲಿ."

"ಆರಾಮ ಕೂತ್ಕೊಳ್ಳಲಿಕ್ಕೆ ನನಗೆ ಮನೆಯಲ್ಲಿ ಕುರ್ಚಿ ಉಂಟು," ಎಂದರು ಶೆಟ್ಟರು.

ವಿಠಲ ಕೆಟ್ಟವನಲ್ಲ. ಮಾವ ಬಸ್ಸಿನಡಿ ಸಿಕ್ಕಿದಾಗ ಅವರನ್ನು ಎಳೆದು ಹೊರತೆಗೆದವನು ಅವನೇ, ಆ ಹೆದರಿಕೆ ಅವನಿಂದ ಬಿಟ್ಟು ಹೋಗಿರಲಿಲ್ಲ. ಆದರೆ ಕ್ಲಚ್ ಪೆಡಲು ಬಂದ ದಿನ ಶೆಟ್ಟರ ಡ್ರೈವಿಂಗು ಮುಗಿಯಿತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೆ ಸಿಟ್ಟು ಬಂತು. ಗೇರಿಗೆ ತಕ್ಕ ಹಾಗೆ ಮನುಷ್ಯನನ್ನು ಹಿಂದಿನ ಸೀಟಿಗೆ ತಳ್ಳುವುದು ಯಾವ ರಿಪೇರಿ?

"ಇದೇ ಗೇರು ಮಾಡಿ ಕೊಡ್ತೇನೆ, ಶೆಟ್ರೇ," ಎಂದೆ.

"ನಿನ್ನದು ಶುದ್ಧ ಪೆದಂಬು," ಎಂದರು ಪೊರ್ಬುಗಳು. ಹೇಳಿದ್ದಕ್ಕೆಲ್ಲ ಅಡ್ಡ ಹೋಗುವವನ ಗುಣಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. "ಹಾಳು ಮಾಡಿದ್ರೆ ಮತ್ತೆ ಈ ಬಾಗಿಲಿಗೆ ಬರುದು ಬೇಡ."

"ಬರುದಿಲ್ಲ."

ಶೆಟ್ಟರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಮಾಡು," ಎಂದರು.

ಸಾಮಾನು ಎಲ್ಲಿಂದ ತರುವುದು? ಪಾಣೆಮಂಗಳೂರಿನ ಗುಜರಿ ವ್ಯಾಪಾರಿ ಮೊಯಿದಿನಬ್ಬ ಬ್ಯಾರಿಯನ್ನು ವಿಚಾರಿಸಿದೆ. ಮೂಡುಬಿದಿರೆಯ ಒಂದು ಮನೆಯ ಹಿತ್ತಿಲಲ್ಲಿ ಅದೇ ಕಂಪೆನಿಯ ಕಾರೊಂದು ಓಡದೆ ಬಿದ್ದಿದೆ, ತಾನು ಅದನ್ನು ಕೊಳ್ಳುವವನಿದ್ದೇನೆ ಎಂದ. ಇಬ್ಬರೂ ಬಸ್ಸು ಹತ್ತಿ ಹೋದೆವು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಗೆ ಕೂತಿತ್ತು. ಅದನ್ನು ಎಬ್ಬಿಸಬಾರದೆಂದು ಮನೆಯವರು ಹೇಳಿದ್ದರಿಂದ ಮುಂದಿನಿಂದಲೇ ಬಿಚ್ಚಿ ಗೇರುಪೆಟ್ಟಿಗೆ ಇಳಿಸಿದೆವು. ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಬರುವ ಲಾರಿಯಲ್ಲಿ ಅದನ್ನು ತಂದೆ.

ಪೊರ್ಬುಗಳಿಗೆ ಖುಷಿಯಾಯಿತು. "ಇನ್ನೆಂತ? ಇಡೀ ಪೆಟ್ಟಿಗೆ ಎತ್ತಿ ಕೂರಿಸು. ನಾಳೆ ಗಾಡಿ ಕೊಡುವ."

"ಆಗುದಿಲ್ಲ, ಧನಿ. ಅದು ಆರು ಸಿಲಿಂಡರಿನ ಕಾರಿನದ್ದು."

ಹೊರಗಿನಿಂದ ಎರಡೂ ಅವಳಿ ಮಕ್ಕಳಂತಿದ್ದವು. ಬಿಚ್ಚಿದರೆ ಬೇರೆ. ನಮ್ಮ ಕಾರಿನ ಕ್ಲಚ್ ಡ್ರಮ್ಮಿನಲ್ಲಿ ಐದು ಪ್ಲೇಟು, ಮೂಡುಬಿದಿರೆಯದ್ದರಲ್ಲಿ ನಾಲ್ಕು. ಸಮತಟ್ಟಾದ ರಸ್ತೆಯಲ್ಲಿ ನಾಲ್ಕೂ ಸಾಕು. ಘಾಟಿಯಲ್ಲಿ ಆ ಎಂಟು ಸಿಲಿಂಡರು ಒದ್ದರೆ ನಾಲ್ಕು ತಡೆಯುವುದಿಲ್ಲ, ಜಾರುತ್ತದೆ. ಶೆಟ್ಟರು ಘಾಟಿಗೆ ಹೋಗದೆ ಇರುವವರಲ್ಲ, ಅದು ನನಗೆ ಗೊತ್ತಿತ್ತು.

ಎರಡು ಪೆಟ್ಟಿಗೆಗಳ ಒಳಸಾಮಾನನ್ನೆಲ್ಲ ಹಲಗೆಯ ಮೇಲೆ ಎರಡು ಸಾಲಾಗಿ ಹರಡಿ ಆರಿಸಲು ಕೂತೆ. ಈ ಆರಿಸುವುದೇ ನಿಜವಾದ ಕೆಲಸ, ಹುಡುಗರೇ. ಜೋಡಿಸುವುದನ್ನು ಯಾರೂ ಕಲಿಯಬಹುದು. ಪ್ಲೇಟನ್ನು ಮೊದಲು ಮೂಸಿ ನೋಡಬೇಕು, ತಳ ಹಿಡಿದ ಪಾಯಸದ ವಾಸನೆ ಬಂದರೆ ಅದು ಸತ್ತಿತು. ಆಮೇಲೆ ಉಗುರು ಒತ್ತಬೇಕು. ಜೀವವಿದ್ದರೆ ಗುರುತಿನಲ್ಲಿ ಎಣ್ಣೆ ಒಸರುತ್ತದೆ, ಇಲ್ಲದಿದ್ದರೆ ಪುಡಿ ಉದುರುತ್ತದೆ. ನಮ್ಮ ಐದರಲ್ಲಿ ಒಂದು ಮಾತ್ರ ಬದುಕಿತ್ತು. ಅವರ ನಾಲ್ಕೂ ಚೆನ್ನಾಗಿದ್ದವು. ಅವನ್ನು ನಮ್ಮ ಡ್ರಮ್ಮಿಗೆ ಹಾಕಿ, ನಮ್ಮದೊಂದನ್ನು ಸೇರಿಸುವುದು ಎಂದು ತೀರ್ಮಾನಿಸಿದೆ. ಎಣ್ಣೆ ಪಂಪು ನಮ್ಮದು ಸವೆದಿತ್ತು, ಅವರದು ಅದೇ ಅಳತೆಯದ್ದು, ತೆಗೆದುಕೊಂಡೆ. ಹಲ್ಲುಚಕ್ರಗಳು ನಮ್ಮವೇ. ಎಣ್ಣೆಯ ದಾರಿಯನ್ನು ತೆರೆದು ಮುಚ್ಚುವ ಸಣ್ಣ ಸಣ್ಣ ವಾಲ್ವುಗಳು, ಅವುಗಳ ಸ್ಪ್ರಿಂಗು ಕೂಡ ನಮ್ಮವೇ, ಯಾಕೆಂದರೆ ಅವುಗಳ ಬಿಗಿ ದೊಡ್ಡ ಎಂಜಿನ್ನಿಗೆ ಹೊಂದಿಸಿದ್ದು.

ಪೊರ್ಬುಗಳು ಹಲಗೆಯ ಆಚೆ ನಿಂತು ನೋಡುತ್ತಿದ್ದರು. "ಒಟ್ಟಿಗೆ ತೇದದ್ದನ್ನು ಬೇರೆ ಮಾಡ್ಬಾರ್ದು ಅಂತ ನಾನೇ ಕಲಿಸಿದ್ದು ನಿನಗೆ."

"ಹಲ್ಲಿಗೆ ಅದು ಸರಿ, ಧನಿ. ಪ್ಲೇಟಿಗೆ ಹಲ್ಲಿಲ್ಲ."

"ನನಗೇ ಕಲಿಸ್ತೀಯಾ?"

"ಸಂಬಳ ಕೊಡ್ತೀರಾದ್ರೆ ಕಲಿಸ್ತೇನೆ."

ಮೂರೂ ಭಾಷೆಯಲ್ಲಿ ಬೈಗುಳ ಬಂತು. ಮಾರನೆಯ ದಿನ ರಬ್ಬರ್ ಉಂಗುರಗಳ ಜಗಳ. ಎಣ್ಣೆಯ ಒತ್ತಡ ಹಿಡಿದಿಡುವ ಉಂಗುರಗಳು ಎರಡೂ ಪೆಟ್ಟಿಗೆಯಲ್ಲಿ ಗಟ್ಟಿಯಾಗಿ ಬಿರಿದಿದ್ದವು. ಚರ್ಮದಲ್ಲಿ ಮಾಡಿಸುವ ಎಂದರು ಪೊರ್ಬುಗಳು. ಗೇರುಪೆಟ್ಟಿಗೆಯ ಬಾಲದ ಕಡೆ, ಬರೇ ಎಣ್ಣೆ ಸೋರದಂತೆ ತಡೆಯುವಲ್ಲಿ, ಚರ್ಮದ ಸೀಲು ಒಪ್ಪಿದೆ. ಅವರು ಮಾಡಿಸಿದ್ದು ಅಚ್ಚುಕಟ್ಟಾಗಿಯೂ ಇತ್ತು. ಒಳಗೆ ಒಪ್ಪಲಿಲ್ಲ. ಮುಂಬಯಿಯ ಹಳೆಯ ಗೆಳೆಯನಿಗೆ ಬರೆದು, ಅಳತೆ ಕೊಟ್ಟು, ಅಂಚೆಯಲ್ಲಿ ಹೊಸ ಉಂಗುರ ತರಿಸಿದೆ. ಅದು ಬರುವ ತನಕ ಕಾರು ಹೊಟ್ಟೆ ಸೀಳಿಕೊಂಡು ಮಲಗಿತ್ತು, ಪೇಟೆಯವರು ಬಂದು ನೋಡಿ ನಕ್ಕು ಹೋಗುತ್ತಿದ್ದರು. ನಗುವವರಿಗೆ ನಾನು ಒಂದು ಬೆಂಚು ಹಾಕಿಸಿ ಕೊಟ್ಟೆ.

ಎಲ್ಲ ತೊಳೆದು ಒಣಗಿಸಿ ಜೋಡಿಸಿದೆ. ಶೆಟ್ಟರಿಗೆ ಹೇಳಿ ಕಳಿಸಿದೆವು. ಶೆಟ್ಟರು ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ, ವಿಠಲ ಹಿಂದೆ. ಬೆಳ್ತಂಗಡಿಯ ದಾರಿ ಹಿಡಿದೆವು. ಒಂದನೆಯ ಗೇರು ಬಿತ್ತು, ಎರಡನೆಯದೂ ಬಿತ್ತು. ಶೆಟ್ಟರ ಮುಖ ಅರಳಿತು. ವಗ್ಗದ ಹತ್ತಿರ ಮುಟ್ಟುವಾಗ ಮೂರನೆಯ ಗೇರು ಬೀಳಬೇಕಿತ್ತು. ಬೀಳಲಿಲ್ಲ. ವೇಗ ಹೆಚ್ಚಿಸಿದಷ್ಟೂ ಎಂಜಿನ್ ಕಿರುಚಿತು. ನಿಲ್ಲಿಸಿ ಪುನಃ ಹೊರಟರೂ ಅದೇ ಕಥೆ.

"ಇದಕ್ಕಿಂತ ಎತ್ತಿನ ಗಾಡಿ ಆಗ್ತಿತ್ತು," ಎಂದ ವಿಠಲ ಹಿಂದಿನಿಂದ. ಶೆಟ್ಟರು ಕಾರು ತಿರುಗಿಸಿದರು.

ವರ್ಕ್‌ಶಾಪಿನಲ್ಲಿ ಪೊರ್ಬುಗಳು ಕಾಯುತ್ತಿದ್ದರು. ಸದ್ದು ಕೇಳಿಯೇ ಅವರಿಗೆ ತಿಳಿದಿತ್ತು. "ಇನ್ನು ಸಾಕು. ನಾಳೆಯಿಂದ ಸಾದಾ ಗೇರಿನ ಕೆಲಸ."

"ನಾಳೆ ನಾನು ಪುನಃ ಬಿಚ್ತೇನೆ," ಎಂದೆ. "ಬೇಡ ಅಂತ ಶೆಟ್ರು ಹೇಳಲಿ, ನೀವಲ್ಲ."

ಎಲ್ಲರೂ ಶೆಟ್ಟರ ಕಡೆ ನೋಡಿದರು. ಅವರು ಊರುಗೋಲಿಗೆ ಒರಗಿ ಕಾರಿನ ಬಾನೆಟ್ಟನ್ನು ಸವರುತ್ತಿದ್ದರು. "ನಾನೆಂತದೂ ಹೇಳ್ಲಿಲ್ಲ," ಎಂದರು.

ಮಾರನೆಯ ದಿನ ವಾಲ್ವುಗಳ ಭಾಗವನ್ನು ಮಾತ್ರ ಇಳಿಸಿದೆ. ಒಂದೊಂದನ್ನೂ ಬೆರಳಿನಲ್ಲಿ ಸರಿಸಿ ನೋಡಿದೆ. ಅವು ತಮ್ಮ ಭಾರಕ್ಕೇ ಜಾರಿ ಬೀಳಬೇಕು. ಮೂರನೆಯ ಗೇರಿನದ್ದು ಅರ್ಧದಲ್ಲಿ ನಿಂತಿತು. ಹೊರಗೆ ತಳ್ಳಿ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಕೂದಲಿನಷ್ಟು ಸಣ್ಣ ನೂಲು, ಕೆಂಪು ಬಣ್ಣದ್ದು.

ನಾನು ಒರೆಸಿರಲಿಲ್ಲ. ಗಾಳಿಗೆ ಒಣಗಲು ಬಿಟ್ಟಿದ್ದೆ, ಮುಂಬಯಿಯಲ್ಲಿ ಬೈಸಿಕೊಂಡು ಕಲಿತದ್ದೇ ಅದನ್ನು. ತಲೆ ಎತ್ತಿ ನೋಡಿದರೆ ಪೊರ್ಬುಗಳ ಹೆಗಲಲ್ಲಿ ಕೆಂಪು ಚೌಕಳಿಯ ಬೈರಾಸು.

"ಧನಿ, ಇದನ್ನು ನೀವು ಮುಟ್ಟಿದ್ರಾ?"

"ನೀನು ಊಟಕ್ಕೆ ಹೋದಾಗ ಧೂಳು ಕೂತಿತ್ತು. ಒರೆಸಿ ಇಟ್ಟೆ." ಎಂದವರು ಸೇರಿಸಿದರು: "ಒಳ್ಳೆದಾಗ್ಲಿ ಅಂತ."

ನೂಲನ್ನು ಅವರ ಅಂಗೈಯಲ್ಲಿಟ್ಟೆ. ಬಾಯಿಗೆ ಬಂದ ಮಾತು ಬಹಳವಿತ್ತು, ಆದರೆ ಬೇಡ ಬೇಡ ಎನ್ನುತ್ತಲೇ ಆ ಮನುಷ್ಯ ನಾನಿಲ್ಲದಾಗ ಬಂದು ನನ್ನ ವಾಲ್ವುಗಳನ್ನು ಒಂದೊಂದಾಗಿ ಒರೆಸಿಟ್ಟಿದ್ದರು. ಅದಕ್ಕೆ ಏನೆಂದು ಬೈಯುವುದು? ಲಾರಿಯ ಗೇರುಪೆಟ್ಟಿಗೆಯಲ್ಲಾದರೆ ಇಡೀ ಬೈರಾಸೇ ಬಿದ್ದರೂ ಅರೆದುಕೊಂಡು ಓಡುತ್ತದೆ. ಪೊರ್ಬುಗಳು ನೂಲನ್ನು ತುಂಬ ಹೊತ್ತು ನೋಡಿದರು. ಬೈರಾಸನ್ನು ಹೆಗಲಿನಿಂದ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದರು. ಖಾಲಿ ಹೆಗಲಿನಲ್ಲಿ ಅವರನ್ನು ನಾನು ಮೊದಲು ಕಂಡದ್ದು ಆವತ್ತೇ.

"ಇನ್ನು ಯಾವುದರಲ್ಲಿ ಒರೆಸುದು?" ಎಂದು ಕೇಳಿದರು. ನೂಲು ಬಿಡದ ಬಟ್ಟೆ ಬೇಕು, ರೇಷ್ಮೆಯಾದರೆ ಒಳ್ಳೆಯದು ಎಂದೆ. ಶೆಟ್ಟರು ಸುದ್ದಿ ಕೇಳಿ, ಭೂತದ ನೇಮದ ದಿನ ಉಡುತ್ತಿದ್ದ ತಮ್ಮ ಪಟ್ಟೆಯ ಮುಂಡನ್ನೇ, ಅಪ್ಪಟ ರೇಷ್ಮೆಯದ್ದನ್ನು, ತಂದರು. ವಿಠಲನಿಗೆ ಸಹಿಸಲಾಗಲಿಲ್ಲ.

"ಮಾವ, ಪಟ್ಟೆಯನ್ನು ಎಣ್ಣೆ ಒರೆಸಲಿಕ್ಕಾ?"

"ನಾನು ಸತ್ತ ಮೇಲೆ ಹೊದೆಸಲಿಕ್ಕೆ ಇಟ್ಟದ್ದಾ ಅದು?" ಎಂದು ಶೆಟ್ಟರು ಅದನ್ನು ನನ್ನ ಕೈಗೆ ಹಾಕಿದರು. "ಹರಿ ಮಾರಾಯ, ಎಷ್ಟು ಬೇಕೋ ಅಷ್ಟು ಹರಿ."

ಹರಿದೆ. ಪೊರ್ಬುಗಳೂ ಒಂದು ತುಂಡು ಹಿಡಿದು ನನ್ನ ಎದುರು ಕೂತು, ಹೇಳಿದ್ದನ್ನು ಹೇಳಿದ ಹಾಗೆ ಒರೆಸಿದರು. ಈ ಸಲ ವಾಲ್ವುಗಳೆಲ್ಲ ತಾವಾಗಿ ಜಾರಿ ಬಿದ್ದವು. ಪುನಃ ಜೋಡಿಸಿದ ಮೇಲೆ, ವರ್ಕ್‌ಶಾಪಿನಲ್ಲೇ ಜಾಕ್ ಏರಿಸಿ ಚಕ್ರ ತಿರುಗಿಸಿ ನೋಡಿದೆ. ಮೂರನೆಯ ಗೇರೂ ಬಿತ್ತು. ಆದರೆ ನೆಲ ಬಿಟ್ಟ ಚಕ್ರದಲ್ಲಿ ಪ್ಲೇಟುಗಳ ಬಲ ತಿಳಿಯುವುದಿಲ್ಲ. ಅದಕ್ಕೆ ಏರೇ ಬೇಕು.

"ಘಾಟಿಗೆ ಮೊದಲು ನಾನು ಬಿಡ್ತೇನೆ," ಎಂದ ವಿಠಲ. "ಇಲ್ಲಾದ್ರೆ ಪೊರ್ಬುಗಳು ಬಿಡಲಿ. ಸರಿ ಉಂಟು ಅಂತ ಆದ ಮೇಲೆ ಮಾವ."

"ಈ ಗೇರು ಮಾಡಿದ್ದು ನಿನಗೂ ಅಲ್ಲ, ಅವರಿಗೂ ಅಲ್ಲ," ಎಂದೆ. "ಮೊದಲು ಶೆಟ್ರು ಬಿಡ್ತಾರೆ. ಆಗುದಿಲ್ಲಾಂತಾದ್ರೆ ಪುನಃ ಬಿಚ್ಚಿ ಇಡ್ತೇನೆ." ಪೊರ್ಬುಗಳ ಕಡೆ ನೋಡಿದೆ, ಬೈಯುತ್ತಾರೆಂದು. ಅವರು ಬಾಗಿಲು ತೆರೆದು, "ಹೊರಡಿ," ಎಂದರು.

ಬೆಳ್ತಂಗಡಿ ದಾಟಿ ಚಾರ್ಮಾಡಿಯ ಬುಡ ಮುಟ್ಟುವವರೆಗೆ ಯಾವ ತಕರಾರೂ ಇರಲಿಲ್ಲ. ಘಾಟಿ ಶುರುವಾಗಿ ಮೊದಲ ತಿರುವು ಕಳೆದ ಮೇಲೆ ಶೆಟ್ಟರು ಏರಿನ ನಡುವೆಯೇ ಕಾರು ನಿಲ್ಲಿಸಿದರು. ಪ್ಲೇಟು ಜಾರುತ್ತದೋ ಎಂದು ನೋಡಲು ಅದಕ್ಕಿಂತ ಕಠಿಣ ಜಾಗ ಇಲ್ಲ. ಹೊರಡುತ್ತಾರೆಂದು ನಾನು ಕಿವಿ ಕೊಟ್ಟು ಕೂತೆ. ಅವರು ಹೊರಡಲಿಲ್ಲ.

"ಇಬ್ಬರೂ ಇಳಿಯಿರಿ," ಎಂದರು.

"ಒಬ್ಬರೇ ಬೇಡ, ಮಾವ," ಎಂದ ವಿಠಲ.

"ಕಾಲು ಹೋದಂದಿನಿಂದ ನನ್ನನ್ನು ನೀವು ಎಲ್ಲಿಗೂ ಒಬ್ಬನೇ ಬಿಡ್ಲಿಲ್ಲ. ಬಾವಿಕಟ್ಟೆಗೆ ಹೋದ್ರೂ ಹಿಂದೆ ಒಬ್ಬ ಬರ್ತಾನೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ವಿಠಲ. ಇಳಿ."

ವಿಠಲ ನನ್ನ ಮುಖ ನೋಡಿದ. ಬೇಡವೆಂದು ನಾನೂ ಹೇಳಲಿ ಎಂಬುದು ಅವನ ಆಸೆ. ನನಗೂ ಹೆದರಿಕೆ ಇರಲಿಲ್ಲವೆಂದಲ್ಲ. ಆದರೂ ಮೊದಲು ಇಳಿದವನು ನಾನೇ. ಇಳಿದು ಹಿಂದಿನ ಬಾಗಿಲು ತೆರೆದು ಹಿಡಿದೆ. ಅವನೂ ಇಳಿದ.

ಕಾರು ಒಂದು ಬೆರಳಿನಷ್ಟೂ ಹಿಂದೆ ಜಾರದೆ ಎದ್ದು ಹೊರಟಿತು. ಒಂದನೆಯ ಗೇರಿನಿಂದ ಎರಡನೆಯದಕ್ಕೆ ಹೋದದ್ದು ಕೇಳಿಸಿತು. ತಿರುವಿನಲ್ಲಿ ತಾನಾಗಿ ಇಳಿದು, ತಿರುವು ಕಳೆದು ಪುನಃ ಏರಿದ್ದು ಕೇಳಿಸಿತು. ಎಲ್ಲೂ ಜಾರಿದ ಸದ್ದಿಲ್ಲ. ಆಮೇಲೆ ಕಾಡು ಅಡ್ಡ ಬಂದು ಏನೂ ಕೇಳಿಸಲಿಲ್ಲ. ವಿಠಲ ರಸ್ತೆ ಬದಿಯ ಕಟ್ಟೆಯಲ್ಲಿ ಕೂತು ಮುಖ ಮುಚ್ಚಿಕೊಂಡ. ಹಿಂದೆ ಬರುತ್ತಾರಲ್ವಾ, ಐತಣ್ಣ, ಎಂದು ಆಗಾಗ ಕೇಳುತ್ತಿದ್ದ. ಬರುತ್ತಾರೆ ಎನ್ನುತ್ತಿದ್ದೆ. ಹೊತ್ತು ಏರಿತು. ಅಷ್ಟು ಹೊತ್ತು ಬೇಕಾಗಿರಲಿಲ್ಲ. ನಾನೂ ಅವನ ಪಕ್ಕದಲ್ಲಿ ಕೂತೆ.

ಕೊನೆಗೆ ಮೇಲಿನಿಂದ ಸರ್ವಿಸ್ ಬಸ್ಸೊಂದು ಇಳಿದು ಬಂದು ನಮ್ಮೆದುರು ನಿಂತಿತು. ಡ್ರೈವರ್ ಶೆಟ್ಟರ ಹಳೆಯ ಜೊತೆಗಾರ. ತಲೆ ಹೊರಗೆ ಹಾಕಿ, "ಕಾಂತಪ್ಪ ಶೆಟ್ರ ಜನ ನೀವೇಯಾ? ಹತ್ತಿ," ಎಂದ. "ಅವರು ಘಾಟಿಯ ಮೇಲೆ ಚಹಾ ಕುಡಿತಾ ಇದ್ದಾರೆ. ಇಲ್ಲಿವರೆಗೆ ಬಂದದ್ದಾಯ್ತು, ಹಾಗೇ ಮುಂದೆ ಸ್ವಲ್ಪ ಹೋಗಿ ಬರ್ತೇನೆ ಅಂದ್ರು. ನಿಮ್ಮನ್ನು ಬಸ್ಸಿನಲ್ಲಿ ಮನೆಗೆ ಹೋಗಲಿಕ್ಕೆ ಹೇಳಿದ್ದಾರೆ."

ವಿಠಲ ಎದ್ದು ನಿಂತ. ಅಳುತ್ತಿದ್ದವನಿಗೆ ನಗು ಬಂತು. ಬಸ್ಸು ಹತ್ತಿದೆವು. ಕಂಡಕ್ಟರ್ ಕೂರಲು ಸೀಟು ತೋರಿಸಿದ, ಸೀಟು ಬೇಕಷ್ಟು ಇತ್ತು. ಖುಷಿಗೆ ನನಗೆ ಕೂರಲಾಗಲಿಲ್ಲ. ಬೆಳ್ತಂಗಡಿ ಬರುವವರೆಗೂ ಮೇಲಿನ ಕಂಬಿ ಹಿಡಿದು ನಿಂತುಕೊಂಡೇ ಹೋದೆ.